ಸೋಡಿಯಂ ಕಡಿಮೆಯಾದಾಗ ಉಪ್ಪು ಕೊಡದೆ ನೀರು ಕಡಿಮೆ ಮಾಡಿಸುವುದೇಕೆ?

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ): ಸರ್, ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ (ಥಯಾಜೈಡ್ ಗುಂಪಿನ, ಮೂತ್ರ ಹೆಚ್ಚಿಸೋ ಮಾತ್ರೆ) ತಗೊಳ್ಳೋ ವಯಸ್ಸಾದವರ ಸೋಡಿಯಂ 122ಕ್ಕೆ ಇಳಿದಿದೆ, ಕಾಲು ಊದಿಲ್ಲ, ಬಿಪಿ ಸರಿಯಾಗಿದೆ ಅಂತಿಟ್ಕೊಳ್ಳಿ. ಮಾತ್ರೆ ನಿಲ್ಲಿಸಿ ನೀರು ಕಡಿಮೆ ಕುಡಿಸಿ ಅಂತಾರೆ. ಉಪ್ಪು ತಾನೇ ಕೊಡಬೇಕಿತ್ತು? ಇನ್ನೊಂದು, ಫ್ಯೂರೋಸಮೈಡ್ ಮೂತ್ರ ಹೆಚ್ಚಿಸೋದ್ರಲ್ಲಿ ಇನ್ನೂ ಜೋರಿನ ಔಷಧಿ. ಆದ್ರೂ ಸೋಡಿಯಂ ಬೀಳೋದು ಥಯಾಜೈಡ್‌ನಲ್ಲೇ ಜಾಸ್ತಿ ಯಾಕೆ?

ಉತ್ತರ (ಕಿಡ್ನಿ ತಜ್ಞರು): 122 ಅನ್ನುವುದು ಮೈಯಲ್ಲಿರುವ ಉಪ್ಪಿನ ಮೊತ್ತವಲ್ಲ, ಒಂದು ಲೀಟರಿನಲ್ಲಿ ಎಷ್ಟು ಮಿಲಿಮೋಲ್ ಸೋಡಿಯಂ ಇದೆ ಎಂಬ ಲೆಕ್ಕ. ಒಟ್ಟು ಉಪ್ಪು ಹೆಚ್ಚಾದರೆ ಊತ ಬರುತ್ತದೆ, ಬಿಪಿ ಏರುತ್ತದೆ. ಕಡಿಮೆಯಾದರೆ ಎದ್ದು ನಿಂತಾಗ ಬಿಪಿ ಕುಸಿಯುತ್ತದೆ. ಲೀಟರಿನ ಲೆಕ್ಕ ಕೆಡುವುದು ಹೆಚ್ಚಾಗಿ ನೀರಿನಿಂದ. ಕಿಡ್ನಿ ಉಪ್ಪು, ನೀರು ಇವೆರಡನ್ನೂ ಬೇರೆ ಬೇರೆಯಾಗಿ ನಿಭಾಯಿಸುತ್ತದೆ. ಎಲ್ಲಿ ಬೇರ್ಪಡಿಸುತ್ತದೆ ಎಂದು ನೋಡಿದರೆ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತದೆ.

ದಿನಕ್ಕೆ ಸುಮಾರು 180 ಲೀಟರ್ ದ್ರವ ರಕ್ತದಿಂದ ಸೋಸಿ ಕಿಡ್ನಿಯ ನಳಿಕೆಗಳಿಗೆ ಇಳಿಯುತ್ತದೆ. ಅದರಲ್ಲಿ ಒಂದೂವರೆ ಕಿಲೋದಷ್ಟು ಉಪ್ಪು! ಮೂತ್ರವಾಗಿ ಹೋಗುವುದು ಒಂದೆರಡು ಲೀಟರ್ ಮಾತ್ರ. ಮೊದಲ ಭಾಗದಲ್ಲೇ ಮೂರನೇ ಎರಡರಷ್ಟು ಸೋಡಿಯಂ ವಾಪಸ್ಸಾಗುತ್ತದೆ. ಜೀವಕೋಶದ ರಕ್ತದ ಕಡೆಯ ಗೋಡೆಯಲ್ಲಿರುವ ಪಂಪು 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಕೋಶದೊಳಗೆ ಸೋಡಿಯಂ ಕಡಿಮೆಯಾದ್ದರಿಂದ ನಳಿಕೆಯ ಸೋಡಿಯಂ ತಾನಾಗಿ ಒಳನುಗ್ಗುತ್ತದೆ, ಗ್ಲೂಕೋಸನ್ನೂ ಜೊತೆಗೆಳೆದುಕೊಂಡು. ನೀರು ಹಿಂದೆಯೇ ಬರುತ್ತದೆ. ಹಾಗಾಗಿ ಇಲ್ಲಿ ದ್ರವದ ಪ್ರಮಾಣ ಇಳಿಯುತ್ತದೆಯೇ ಹೊರತು ಸಾಂದ್ರತೆ ಬದಲಾಗುವುದಿಲ್ಲ, ಕರಗಿದ ಕಣಗಳ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಆಸ್ಮೋಲ್‌ ಆಸುಪಾಸಿನಲ್ಲೇ ಇರುತ್ತದೆ.

ಉಪ್ಪು, ನೀರು ಬೇರ್ಪಡುವುದು ನಳಿಕೆಯ ಮುಂದಿನ ಭಾಗವಾದ ಹೆನ್ಲೆ ಕುಣಿಕೆಯ ಏರುಭಾಗದಲ್ಲಿ. ಇಲ್ಲಿನ ಗೋಡೆ ನೀರನ್ನು ಬಿಡುವುದೇ ಇಲ್ಲ. ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಒಟ್ಟಿಗೆ ಸಾಗಿಸುವ ವಾಹಕ ಸೋಡಿಯಂನ ಕಾಲುಭಾಗವನ್ನು ಹೊರತೆಗೆಯುತ್ತದೆ. ಇದರಿಂದ ನಳಿಕೆಯೊಳಗಿನ ದ್ರವ ತೆಳುವಾಗುತ್ತದೆ, ಸುತ್ತಲಿನ ಕಿಡ್ನಿಯ ಒಳಪದರ ಉಪ್ಪಾಗುತ್ತದೆ. ಯೂರಿಯಾವೂ ಸೇರಿ ಅಲ್ಲಿನ ತುದಿಯಲ್ಲಿ ಸಾಂದ್ರತೆ 1200ರವರೆಗೆ ಏರಬಲ್ಲದು. ಮುಂದೆ, ನೀರನ್ನು ಮೈಯಲ್ಲೇ ಉಳಿಸುವ ಎಡಿಎಚ್ ಹಾರ್ಮೋನ್ ಇದ್ದರೆ ಸಂಗ್ರಾಹಕ ನಾಳದ ಗೋಡೆಗೆ ನೀರಿನ ದ್ವಾರಗಳು ಬಂದು ಕೂರುತ್ತವೆ, ಈ ಉಪ್ಪಾದ ಪದರ ನೀರನ್ನು ಎಳೆದುಕೊಳ್ಳುತ್ತದೆ. ಎಡಿಎಚ್ ಇಲ್ಲದಿದ್ದರೆ ತೆಳು ಮೂತ್ರ ಹಾಗೆಯೇ ಹೊರಗೆ.

ಫ್ಯೂರೋಸಮೈಡ್ ತಡೆಯುವುದು ಆ ಏರುಭಾಗದ ವಾಹಕವನ್ನೇ. ಒಳಪದರದ ಉಪ್ಪು ಕರಗುತ್ತದೆ, ಎಡಿಎಚ್ ಎಷ್ಟಿದ್ದರೂ ನೀರು ಎಳೆಯಲು ಬಲವಿರುವುದಿಲ್ಲ. ಉಪ್ಪಿನ ಜೊತೆ ನೀರೂ ಹೋಗುತ್ತದೆ. ಥಯಾಜೈಡ್ ಕೆಲಸ ಮಾಡುವುದು ಅದರ ಮುಂದಿನ ತಿರುಚು ನಳಿಕೆಯಲ್ಲಿ, ಅದೂ ಹೊರಪದರದಲ್ಲಿ. ಅಲ್ಲಿ ತಡೆಯುವುದು 5 ಶೇಕಡದಷ್ಟನ್ನೇ, ಆದರೆ ಒಳಪದರದ ಉಪ್ಪು ಹಾಗೇ ಉಳಿದಿರುತ್ತದೆ. ಉಪ್ಪು ಕಳೆದು ರಕ್ತದ ಪ್ರಮಾಣ ಸ್ವಲ್ಪ ತಗ್ಗಿದರೆ ಎಡಿಎಚ್ ಏರಬಹುದು. ಉಪ್ಪು ಹೊರಗೆ, ನೀರು ಒಳಗೆ. ಮೇಲೆ ನೀರು ಹೆಚ್ಚು ಕುಡಿದರೆ 122 ಆಗಲು ತಡವಿಲ್ಲ. ಅದಕ್ಕೇ ಮಾತ್ರೆ ನಿಲ್ಲಿಸಿ ನೀರು ಕಡಿಮೆ ಮಾಡಿಸುವುದು.

ಪ್ರಶ್ನೆ: ಹಾಗಾದ್ರೆ ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್) ಹಾಕಿದ್ರೆ ತೊಂದರೆ ಇಲ್ವಲ್ಲ ಸರ್, ಅದರಲ್ಲಿ 154 ಸೋಡಿಯಂ ಇದೆ, 122ಕ್ಕಿಂತ ಜಾಸ್ತಿ.

ಉತ್ತರ: ರೋಗಿ ನಿಜಕ್ಕೂ ಒಣಗಿದ್ದರೆ, ಅಂದರೆ ವಾಂತಿ ಭೇದಿಯಾಗಿ ಬಿಪಿ ಕುಸಿದಿದ್ದರೆ, ಸಲೈನೇ ಸರಿ. ಇಲ್ಲದಿದ್ದರೆ ಮೊದಲು ಮೂತ್ರದ ಆಸ್ಮೋಲಾಲಿಟಿ, ಅಂದರೆ ಅದರಲ್ಲಿ ಕರಗಿದ ಕಣಗಳ ಸಾಂದ್ರತೆ, ನೋಡಿ. ಅದು 600 ಬಂದಿದೆ ಎನ್ನಿ. ಒಂದು ಲೀಟರ್ ಸಲೈನಿನಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ 308 ಮಿಲಿಆಸ್ಮೋಲ್. ಆ ಉಪ್ಪನ್ನೆಲ್ಲ ಕಿಡ್ನಿ ಅರ್ಧ ಲೀಟರ್ ಮೂತ್ರದಲ್ಲೇ ಹೊರಹಾಕಿಬಿಡುತ್ತದೆ. ಉಳಿದ ಅರ್ಧ ಲೀಟರ್ ಬರೀ ನೀರಾಗಿ ಮೈಯಲ್ಲಿ ನಿಲ್ಲುತ್ತದೆ, ಸೋಡಿಯಂ ಇನ್ನೂ ಇಳಿಯುತ್ತದೆ. ಎಡಿಎಚ್ ಬೇಡದಿದ್ದರೂ ಸುರಿಯುತ್ತಿರುವ ರೋಗಿಗಳಲ್ಲಿ ಆಗುವುದು ಇದೇ.

ಮೂತ್ರದ ಆಸ್ಮೋಲಾಲಿಟಿ 100ಕ್ಕಿಂತ ಕೆಳಗಿದ್ದರೆ ಕಿಡ್ನಿ ತನ್ನ ಕೆಲಸ ಮಾಡುತ್ತಿದೆ, ನೀರು ವಿಪರೀತವಾಗಿದೆ ಅಥವಾ ಊಟ ತೀರಾ ಕಡಿಮೆಯಾಗಿದೆ ಎಂದರ್ಥ. ಮೂತ್ರದ ಸೋಡಿಯಂ ಕೂಡ ನೋಡುತ್ತಾರೆ, ಆದರೆ ಥಯಾಜೈಡ್ ಮೈಯಲ್ಲಿರುವಾಗ ಆ ಅಂಕಿಯನ್ನು ನೆಚ್ಚಬೇಡಿ. ಫಿಟ್ಸ್ ಬಂದರೆ, ಪ್ರಜ್ಞೆ ಮಂಕಾದರೆ ಮಾತ್ರ ಕಾಯುವಂತಿಲ್ಲ, ಆಗ 3 ಶೇಕಡ ಸಲೈನನ್ನು ವೈದ್ಯರ ಆದೇಶದಂತೆ ಕೊಡಬೇಕು.

ಇನ್ನೊಬ್ಬ ವೈದ್ಯೆ: ವಾರ್ಡಿನಲ್ಲಿರುವವರಿಗೆ ನನ್ನದೊಂದು ಮಾತು. ಮಾತ್ರೆ ನಿಲ್ಲಿಸಿದ ಮೇಲೂ ಅಪಾಯ ಮುಗಿದಿಲ್ಲ, ಅದು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಎಡಿಎಚ್ ಏಕಾಏಕಿ ನಿಂತರೆ ತೆಳು ಮೂತ್ರ ಗಂಟೆಗೆ 100 ಮಿಲಿ ದಾಟಿ ಸುರಿಯಲು ಶುರುವಾಗುತ್ತದೆ, ಸೋಡಿಯಂ ದಡದಡನೆ ಏರುತ್ತದೆ. ಪೊಟ್ಯಾಸಿಯಂ ಕೊಟ್ಟರೂ ಸೋಡಿಯಂ ಏರುತ್ತದೆ ಎಂಬುದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೋಡಿಯಂ 24 ಗಂಟೆಯಲ್ಲಿ ಲೀಟರಿಗೆ 8 ಮಿಲಿಮೋಲ್‌ಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಬೇಕು, ಅದರಲ್ಲೂ ಅಪೌಷ್ಟಿಕತೆ, ಮದ್ಯವ್ಯಸನ, ಪೊಟ್ಯಾಸಿಯಂ ಕೊರತೆ ಇದ್ದವರಲ್ಲಿ. ಮೀರಿದರೆ ಮೆದುಳಿನ ನರಗಳ ಮಯಲಿನ್ ಹೊದಿಕೆ ಹಾಳಾಗಬಹುದು, ಅದರ ಲಕ್ಷಣ ಕೆಲವು ದಿನ ಕಳೆದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಗಂಟೆಗಂಟೆಗೂ ಮೂತ್ರ ಅಳೆದು ಬರೆಯಿರಿ. ಪ್ರಮಾಣ ಜಿಗಿದ ಕೂಡಲೇ ಮುಂದಿನ ರಕ್ತಪರೀಕ್ಷೆಯ ಹೊತ್ತಿಗೆ ಕಾಯದೆ ಡ್ಯೂಟಿ ಡಾಕ್ಟರಿಗೆ ಹೇಳಿ.