ಗ್ರಾಹಕರ ಪರ ವಕೀಲಿಕೆ: ನೂರಾರು ಜನರ ದೂರನ್ನು ಒಟ್ಟಿಗೆ ನಡೆಸೋದನ್ನೇ ವೃತ್ತಿ ಮಾಡ್ಕೋಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಹುಬ್ಬಳ್ಳಿಯಲ್ಲಿ ಕಾನೂನು ಓದ್ತಿದ್ದೀನಿ, ನಾಲ್ಕನೇ ವರ್ಷ. ಗ್ರಾಹಕರ ಪರ ಕ್ಲಾಸ್ ಆಕ್ಷನ್, ಅಂದ್ರೆ ಎಲ್ಲರ ಪರವಾಗಿ ಒಂದೇ ಗುಂಪಿನ ದೂರು, ನಡೆಸೋ ಆಸೆ. ಅಮೆರಿಕದಲ್ಲಿ ವಕೀಲರು ಗೆದ್ದ ಹಣದಲ್ಲೇ ಪಾಲು ತಗೋತಾರಂತೆ. ನಮ್ಮಲ್ಲಿ ಇದನ್ನೇ ನಂಬಿ ಬದುಕೋಕಾಗುತ್ತಾ?

ಉತ್ತರ: ಆಗುತ್ತೆ, ಆದರೆ ಪಾಲಿನ ಲೆಕ್ಕದಲ್ಲಿ ಅಲ್ಲ. ಗೆದ್ದರೆ ಇಷ್ಟು ಅಂತ ಫೀಸು ಮಾತಾಡೋದನ್ನ, ಬಂದ ಹಣದಲ್ಲಿ ಪಾಲು ಕೇಳೋದನ್ನ ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಗುಂಪಿನ ಪ್ರಕರಣದಲ್ಲಿ ಜನ ಕೂಡಿ ಹಣ ಹಾಕ್ತಾರೆ, ಫೀಸು ಕಂತಿನಲ್ಲಿ ಬರುತ್ತೆ. ಉಳಿದಂತೆ ಮನೆ ನಡೆಯೋದು ಒಂಟಿ ದೂರುಗಳಿಂದ: ವಿಮೆ ಕಂಪನಿ ಕ್ಲೇಮ್ ತಿರಸ್ಕರಿಸಿದ್ದು, ಬಿಲ್ಡರ್ ಫ್ಲ್ಯಾಟ್ ಕೊಡದೆ ಸತಾಯಿಸಿದ್ದು, ಬ್ಯಾಂಕಿನ ತಕರಾರು.

ಗುಂಪಿನ ದೂರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 35(1)(ಸಿ) ಓದಿ. ಹಿತಾಸಕ್ತಿ ಒಂದೇ ಆಗಿರುವ ಎಲ್ಲರ ಪರವಾಗಿ ಒಬ್ಬರೋ ಕೆಲವರೋ ಗ್ರಾಹಕ ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಆ "ಒಂದೇ" ಅನ್ನೋದನ್ನ ಸಾಬೀತು ಮಾಡೋದರಲ್ಲೇ ನಮ್ಮ ಕಸುಬೆಲ್ಲ ಇರೋದು. ಬೆಂಗಳೂರಿನದೇ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣ ನೋಡಿ. 1,134 ಫ್ಲ್ಯಾಟುಗಳ ಸಮುಚ್ಚಯದಲ್ಲಿ 51 ಫ್ಲ್ಯಾಟು ಕೊಂಡಿದ್ದ 91 ಜನ ಎಲ್ಲರ ಪರವಾಗಿ ದೂರು ಕೊಟ್ಟರು, ರಾಷ್ಟ್ರೀಯ ಆಯೋಗ ಅನುಮತಿಯನ್ನೂ ಕೊಟ್ಟಿತು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ: ಉಳಿದ ಮನೆಯವರ ಹಿತಾಸಕ್ತಿಯೂ ಇದೇ ಅಂತ ತೋರಿಸುವ ಸಂಗತಿಗಳೇ ದೂರಿನಲ್ಲಿ ಇರಲಿಲ್ಲ. ಆದರೆ ದೂರನ್ನು ಹೊರಗೆ ಹಾಕಲಿಲ್ಲ. ಸಹಿ ಹಾಕಿದವರ ಜಂಟಿ ದೂರಾಗಿ ಮುಂದುವರಿಯಲಿ ಎಂದಿತು. ಅದಕ್ಕೇ ನನ್ನ ಕಚೇರಿಯಲ್ಲಿ ಕಿರಿಯರು ಮೊದಲು ಮಾಡೋ ಕೆಲಸ ಒಂದು ಪಟ್ಟಿ: ಪ್ರತಿಯೊಬ್ಬರ ಕರಾರಿನ ತಾರೀಖು, ಮನೆ ಕೊಡ್ತೀವಿ ಅಂದ ತಾರೀಖು, ಕಟ್ಟಿದ ಹಣ, ಈಗ ಬೇಕಿರೋದು ಮನೆಯೋ ಹಣವೋ. ಅಲ್ಲಿ ಸಾಲುಗಳು ಹೊಂದದಿದ್ದರೆ ಗುಂಪಿನ ದೂರಿನ ಮಾತೇ ಬೇಡ, ಜಂಟಿಯಾಗಿ ಹೋಗೋಣ ಅಂತ ಕಕ್ಷಿದಾರರಿಗೆ ನೇರವಾಗಿ ಹೇಳಿಬಿಡ್ತೀನಿ.

ಪ್ರಶ್ನೆ: ಹಾಗಾದ್ರೆ ಸನ್ನದು (ವಕೀಲಿಕೆಯ ಪರವಾನಗಿ) ಸಿಕ್ಕ ಕೂಡಲೇ ಗ್ರಾಹಕ ಆಯೋಗದಲ್ಲೇ ಶುರು ಮಾಡಲಾ?

ಉತ್ತರ: ಬೇಡಪ್ಪ. ಆಯೋಗದಲ್ಲಿ ಬಹುಪಾಲು ಅಫಿಡವಿಟ್ಟು, ದಾಖಲೆ, ಲಿಖಿತ ವಾದ. ಪಾಟಿಸವಾಲು ಅಪರೂಪ. ಅದನ್ನ ಕಲಿಯೋಕೆ ಎರಡು ಮೂರು ವರ್ಷ ಒಳ್ಳೆ ಹಿರಿಯರ ಹತ್ತಿರ ಸಿವಿಲ್ ಕೋರ್ಟಿನಲ್ಲಿ ಪಳಗಿ. ಕೈಗೆ ಬರೋ ದುಡ್ಡು ಆಗ ಕಡಿಮೆಯೇ, ಮನೆಯವರಿಗೆ ಮೊದಲೇ ಹೇಳಿಡಿ.

ತಾರೀಖುಗಳ ಮೇಲೆ ಕಣ್ಣಿರಲಿ. ದೂರಿಗೆ ಎರಡು ವರ್ಷದ ಕಾಲಮಿತಿ. ಎದುರುದಾರರು ಲಿಖಿತ ಉತ್ತರ ಕೊಡೋಕೆ 30 ದಿನ, ಅದರ ಮೇಲೆ ಹೆಚ್ಚೆಂದರೆ 15 ದಿನ; ಅದು ಮೀರಿದರೆ ಆಯೋಗವೂ ಕಾಲಾವಕಾಶ ಕೊಡುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಇನ್ನು ಅಮಲ್ಜಾರಿ, ಅಂದ್ರೆ ಬಂದ ಆದೇಶವನ್ನ ಜಾರಿ ಮಾಡಿಸೋದು. ಆದೇಶ ಬಂದ ದಿನ ಪೇಡೆ ಹಂಚಿ, ಹಣ ಬಾರದೆ ವರ್ಷಗಟ್ಟಲೆ ಅಲೆದವರನ್ನ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ. ಆದೇಶ ಪಾಲಿಸದವರಿಗೆ ಕಲಂ 72ರಲ್ಲಿ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು ಅಥವಾ ದಂಡ, ಎರಡೂ ಆಗಬಹುದು. ಅಮಲ್ಜಾರಿ ಅರ್ಜಿಯನ್ನು ಬೆನ್ನು ಹತ್ತಿ ನಡೆಸೋ ವಕೀಲರ ಹತ್ತಿರ ಜನ ತಾವಾಗೇ ಬರ್ತಾರೆ.

ಪ್ರಶ್ನೆ (ಇನ್ನೊಬ್ಬರು): ನೂರು, ಇನ್ನೂರು ರೂಪಾಯಿ ಮೋಸಕ್ಕೆ ಯಾರು ವಕೀಲರನ್ನ ಇಡ್ತಾರೆ ಮೇಡಂ?

ಉತ್ತರ: ಇಡಬೇಕಾಗಿಲ್ಲ ಸರ್. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಒಂದೇ ಬಗೆಯ ದೂರು ರಾಶಿ ಬಿದ್ದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಾನೇ ಕ್ರಮ ತಗೋಬಹುದು. ರಿಫಂಡು ಕೂಪನ್ನಾಗಿ ಬೇಕೋ ಬ್ಯಾಂಕ್ ಖಾತೆಗೆ ಬೇಕೋ ಅನ್ನೋ ಆಯ್ಕೆ ಗ್ರಾಹಕರಿಗೇ ಇರಲಿ ಅಂತ 2024ರಲ್ಲಿ ಕ್ಯಾಬ್ ಕಂಪನಿ ಓಲಾಗೆ ಆದೇಶಿಸಿದ್ದು ಅದೇ ಪ್ರಾಧಿಕಾರ. ಇಂಥ ದೂರುಗಳನ್ನ ಜೋಡಿಸಿ, ದಾಖಲೆ ಸಮೇತ ಅವರ ಮುಂದಿಡೋದೂ ನಮ್ಮ ಕೆಲಸವೇ ಅಂತ ನಾನು ನಂಬಿದ್ದೀನಿ, ಫೀಸು ಹುಟ್ಟದಿದ್ದರೂ.

ಹುಬ್ಬಳ್ಳಿಯ ತಮ್ಮಾ, ರಜೆಯಲ್ಲಿ ಧಾರವಾಡದ ಜಿಲ್ಲಾ ಆಯೋಗಕ್ಕೆ ಹೋಗಿ ಹಿಂದೆ ಕೂತು ಕೇಳಿ. ಯಾರು ಯಾವ ಕಾಗದ ತರದೆ ಸೋತರು ಅನ್ನೋದನ್ನ ಬರೆದಿಟ್ಟುಕೊಳ್ಳಿ.