ಹೊಸಬರು ಬಂದ ಮೊದಲ ಅರ್ಧ ಗಂಟೆ: ಮೈನ್‌ಕ್ರಾಫ್ಟ್ ಸರ್ವರ್ ನಡೆಸುವವರು ಅನುಭವ ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಒಂದು ಸಣ್ಣ ಮೈನ್‌ಕ್ರಾಫ್ಟ್ ಸರ್ವರ್ (ಬ್ಲಾಕ್‌ಗಳಿಂದ ಕಟ್ಟುವ ಆ ಆಟವನ್ನು ಹಲವರು ಒಟ್ಟಿಗೆ ಆಡುವ ಜಾಗ) ನಡೆಸುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಎಡಿಷನ್, ಸರ್ವೈವಲ್ (ಬೇಕಾದ್ದನ್ನು ತಾವೇ ಹುಡುಕಿಕೊಂಡು, ಜೀವ ಉಳಿಸಿಕೊಂಡು ಆಡುವ ಬಗೆ). ಗೀಸರ್ ಅನ್ನುವ ಪ್ಲಗಿನ್ (ಸರ್ವರ್‌ಗೆ ಸೇರಿಸುವ ತಂತ್ರಾಂಶ) ಹಾಕಿರುವುದರಿಂದ ಮೊಬೈಲ್‌ನಲ್ಲಿ ಬೆಡ್‌ರಾಕ್ ಆವೃತ್ತಿ ಆಡುವವರೂ ಬರಬಹುದು. ಆಡುವವರೆಲ್ಲ ಕನ್ನಡದವರೇ. ತುಮಕೂರು, ಮೈಸೂರು, ಹುಬ್ಬಳ್ಳಿಯವರು ಜಾಸ್ತಿ, ಇಬ್ಬರು ದುಬೈನಲ್ಲಿದ್ದಾರೆ. ಹೊಸಬರು ಬರುತ್ತಾರೆ, ಅರ್ಧ ಗಂಟೆ ಓಡಾಡುತ್ತಾರೆ, ಆಮೇಲೆ ಪತ್ತೆಯೇ ಇರುವುದಿಲ್ಲ. ಸ್ಪಾನ್ (ಬಂದವರು ಮೊದಲು ಕಾಣಿಸಿಕೊಳ್ಳುವ ಜಾಗ) ಹತ್ತಿರ ನಿಯಮಗಳ ಬೋರ್ಡ್ ಹಾಕಿದ್ದೇನೆ. ಬಂದವರಿಗೆಲ್ಲ ಕಬ್ಬಿಣದ ಸಾಮಾನಿನ ಕಿಟ್ ಕೊಡುತ್ತೇನೆ. ಇನ್ನೇನು ಮಾಡಬೇಕು? ನೀವು ಏನು ಮಾಡಿ ನೋಡಿದಿರಿ, ಯಾವುದರಿಂದ ಉಪಯೋಗವಾಯಿತು, ದಯವಿಟ್ಟು ಹೇಳಿ.

ಆರು ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿರುವವರು:

ನಾನೂ ಮೊದಲು ಬೋರ್ಡ್ ಹಾಕಿ, ಕಿಟ್ ಕೊಟ್ಟು ಸುಮ್ಮನಾಗಿದ್ದೆ. ನಮ್ಮಲ್ಲಿ 14 ನಿಯಮಗಳಿದ್ದವು. ಅದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ.

ಒಂದು ದಿನ ತಂಗಿಯ ಖಾತೆಯಿಂದ ಹೊಸಬನ ಹಾಗೆ ಒಳಗೆ ಹೋದೆ. ನೀವೂ ಇದನ್ನೊಮ್ಮೆ ಮಾಡಿ ನೋಡಿ. ನಾಲ್ಕು ವರ್ಷ ಹಳೆಯ ಊರು ಹೊಸಬರ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಆವತ್ತೇ ನನಗೆ ಗೊತ್ತಾಗಿದ್ದು. ಹತ್ತಿರದಲ್ಲಿ ಒಂದು ಮರ ಉಳಿದಿಲ್ಲ. ಎಲ್ಲ ಬಾಗಿಲಿಗೂ ಬೀಗ. ಎಲ್ಲ ಹೊಲವೂ ಯಾರದ್ದೋ. ಬ್ಲಾಕ್ ಒಡೆದರೆ ಒಡೆಯುವುದಿಲ್ಲ. ಸ್ಪಾನ್ ಸುತ್ತ 16 ಬ್ಲಾಕ್ ರಕ್ಷಣೆ ಸರ್ವರ್ ಸೆಟ್ಟಿಂಗ್‌ನಲ್ಲಿ ಮೊದಲಿಂದಲೇ ಇರುತ್ತದೆ, ಆದರೆ ಬಂದವರಿಗೆ ಅದು ಗೊತ್ತಿರುವುದಿಲ್ಲ. ಗೇಮ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಅಷ್ಟರಲ್ಲಿ ಕತ್ತಲಾಯಿತು. ಆಟದ ಒಂದು ದಿನ ಅಂದರೆ ನಮ್ಮ 20 ನಿಮಿಷ, ಅದರಲ್ಲಿ ಹಗಲು ಸುಮಾರು 10 ನಿಮಿಷ ಮಾತ್ರ. ಬೋರ್ಡ್ ಓದುತ್ತಾ ನಿಂತವರಿಗೆ ಜಾಂಬಿ ಬಂದು ಹೊಡೆಯುತ್ತದೆ. ಸತ್ತರೆ ಮತ್ತೆ ಸ್ಪಾನ್‌ಗೆ ಬರುತ್ತಾರೆ. ಸತ್ತ ಜಾಗ ಎಲ್ಲಿ ಅಂತ ಗೊತ್ತಿಲ್ಲ. ಬಿದ್ದ ಸಾಮಾನು ಅಲ್ಲಿ 5 ನಿಮಿಷ ಇರುತ್ತದೆ, ಆಮೇಲೆ ಮಾಯ. ಜನ ಹೋಗುವುದು ಸತ್ತಿದ್ದಕ್ಕಲ್ಲ, ವಾಪಸ್ ಹೋಗುವ ದಾರಿ ಗೊತ್ತಿಲ್ಲದ್ದಕ್ಕೆ. ಇದನ್ನು ನಾನು ತುಂಬಾ ಸಲ ನೋಡಿದ್ದೇನೆ.

ಈಗ ನಮ್ಮಲ್ಲಿ ಯಾರು ಹೊಸಬರು ಬಂದರೂ ಒಬ್ಬರು ಜೊತೆಗೆ ನಡೆಯುತ್ತೇವೆ. ಇದಕ್ಕೆ ನಾವು ‘ಊರು ತೋರಿಸುವುದು’ ಅನ್ನುತ್ತೇವೆ. ಮನೆಗೆ ನೆಂಟರು ಬಂದರೆ ಕಾಲು ತೊಳೆಯುವ ನೀರು ಎಲ್ಲಿದೆ, ಬಚ್ಚಲು ಎಲ್ಲಿದೆ ಅಂತ ತೋರಿಸುತ್ತೇವೆ, ಅಲ್ವಾ? ಹಾಗೆಯೇ. ಮೊದಲು ತೋರಿಸುವುದು ಹಾಸಿಗೆ ಇರುವ ಮನೆ. ಅಲ್ಲಿ ಎಂಟು ಹಾಸಿಗೆ ಇಟ್ಟಿದ್ದೇವೆ, ಯಾರು ಬೇಕಾದರೂ ಮಲಗಬಹುದು. ಹಗಲಿನಲ್ಲಿ ನಿದ್ದೆ ಬರದಿದ್ದರೂ ಹಾಸಿಗೆಯ ಮೇಲೆ ಒಮ್ಮೆ ರೈಟ್ ಕ್ಲಿಕ್ ಮಾಡಿದರೆ ಸಾಕು, ಸತ್ತರೆ ಅಲ್ಲೇ ಎದ್ದೇಳುತ್ತಾರೆ. ಆ ಹಾಸಿಗೆಯನ್ನು ಯಾರಾದರೂ ಕಿತ್ತರೆ ಮಾತ್ರ ಮತ್ತೆ ಸ್ಪಾನ್‌ಗೇ ಬರುತ್ತಾರೆ. ಆಮೇಲೆ ಎಲ್ಲರಿಗೂ ಸೇರಿದ ಗೋಧಿ ಹೊಲ. ‘ಎಷ್ಟು ಬೇಕೋ ಕೊಯ್ದುಕೊಳ್ಳಿ, ಬೀಜ ಮಾತ್ರ ವಾಪಸ್ ಹಾಕಿ’ ಅಂತ ಹೇಳುತ್ತೇವೆ. ನಿಯಮ ಕಲಿಸುವುದು ಅಲ್ಲೇ ಶುರುವಾಗುತ್ತದೆ, ಕೈಯಲ್ಲಿ ಬೀಜ ಹಿಡಿದುಕೊಂಡು.

ಅಲ್ಲಿಂದ ಊರ ಹೊರಗೆ, ಖಾಲಿ ಜಾಗ ಸಿಗುವ ತನಕ ನಡಿಗೆ. ನಮ್ಮಲ್ಲಿ 400 ಬ್ಲಾಕ್ ದೂರ ಹೋಗಬೇಕು. ದಯವಿಟ್ಟು ಇಲ್ಲಿ ಟೆಲಿಪೋರ್ಟ್ ಮಾಡಬೇಡಿ, ಅಂದರೆ ನಡೆಸದೆ ಒಮ್ಮೆಲೇ ಅಲ್ಲಿಗೆ ಕಳಿಸಬೇಡಿ. ಮೊದಲು ನಾನು ಹಾಗೆ ಮಾಡುತ್ತಿದ್ದೆ, ಸಮಯ ಉಳಿಯುತ್ತದೆ ಅಂತ. ಹಾಗೆ ಹೋದವರಿಗೆ ಊರು ಯಾವ ದಿಕ್ಕಿನಲ್ಲಿದೆ ಅನ್ನುವುದೇ ಗೊತ್ತಿರುತ್ತಿರಲಿಲ್ಲ. ಮೂರು ದಿನವಾದರೂ ಒಬ್ಬರನ್ನೂ ನೋಡದೆ ಒಂಟಿಯಾಗಿ ಆಡಿ ಬಿಟ್ಟು ಹೋದರು. ನಡೆದು ಹೋದವರು ನದಿ, ಸೇತುವೆ, ಯಾರದ್ದೋ ಗೋಪುರ, ಎಲ್ಲವನ್ನೂ ಗುರುತಿಟ್ಟುಕೊಳ್ಳುತ್ತಾರೆ. ದಾರಿಯಲ್ಲಿ ನಿಲ್ಲಿಸಿ ಎಫ್3 ಒತ್ತಿಸುತ್ತೇನೆ. ನಿಂತ ಜಾಗ ಯಾವುದು ಅಂತ ಹೇಳುವ ಎಕ್ಸ್, ವೈ, ಝಡ್ ಮೂರು ಸಂಖ್ಯೆ ತೋರಿಸಿ, ಹಾಸಿಗೆ ಮನೆಯ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಳ್ಳಲು ಹೇಳುತ್ತೇನೆ. ಮೊಬೈಲ್‌ನವರಿಗೆ ಅದು ಪರದೆಯ ಮೇಲೇ ಕಾಣುವ ಹಾಗೆ ಗೀಸರ್‌ನಲ್ಲಿ ಇಡಬಹುದು.

ಜಾಗ ಅವರೇ ಆರಿಸಲಿ. ಅವರವರ ಜಾಗ ಕಾಯುವ ಗ್ರೀಫ್‌ಪ್ರಿವೆನ್ಷನ್ ಪ್ಲಗಿನ್ ಇದ್ದರೆ ಮೊದಲ ಚೆಸ್ಟ್ (ಸಾಮಾನು ಇಡುವ ಪೆಟ್ಟಿಗೆ) ಇಟ್ಟ ಕೂಡಲೇ ಸುತ್ತಲಿನ ಸ್ವಲ್ಪ ಜಾಗ ಅವರ ಹೆಸರಿಗೆ ಆಗುತ್ತದೆ. ಚಿನ್ನದ ಸಲಿಕೆಯಿಂದ ಎರಡು ಮೂಲೆ ಗುರುತು ಮಾಡಿದರೆ ದೊಡ್ಡದಾಗುತ್ತದೆ. ಕೋಲು ಹಿಡಿದು ನೆಲದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದು ಯಾರ ಜಾಗ ಅಂತ ತಿಳಿಯುತ್ತದೆ. ಈ ಕೋಲಿನ ವಿಷಯ ಒಂದನ್ನು ಹೇಳಿಕೊಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎರಡು ವರ್ಷದ ಹಿಂದೆ ಹೊಸಬಳಾಗಿ ಸೇರಿದವರು:

ನಾನು ಸರ್ವರ್ ನಡೆಸುವವಳಲ್ಲ, ಆಡುವವಳು. ಕಿಟ್ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮೊದಲು ಹೋದ ಸರ್ವರ್‌ನಲ್ಲಿ ಬಂದ ಐದೇ ನಿಮಿಷಕ್ಕೆ ಯಾರೋ ಒಬ್ಬರು ಪೂರ್ತಿ ವಜ್ರದ ಕವಚ, ವಜ್ರದ ಗುದ್ದಲಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು. ಆದರೆ ಆಮೇಲೆ ನನಗೆ ಮಾಡಲು ಏನೂ ಉಳಿಯಲಿಲ್ಲ. ಎರಡು ದಿನ ಹೋದೆ, ಬಿಟ್ಟೆ.

ಎರಡನೆಯ ಕಡೆ ಒಬ್ಬ ಅಕ್ಕ ನಾಲ್ಕು ಬ್ರೆಡ್ ಕೊಟ್ಟು ‘ಬನ್ನಿ, ಕುರಿ ಹುಡುಕೋಣ’ ಅಂದರು. ಹಾಸಿಗೆಗೆ ಮೂರು ಉಣ್ಣೆ, ಮೂರು ಹಲಗೆ ಬೇಕು. ನನ್ನ ಹತ್ತಿರ ಎರಡು ಬಿಳಿ, ಒಂದು ಕಪ್ಪು ಉಣ್ಣೆ ಇತ್ತು. ಎಷ್ಟು ಸಲ ಇಟ್ಟರೂ ಹಾಸಿಗೆ ಆಗುತ್ತಿಲ್ಲ. ಅಕ್ಕ ನನ್ನ ಕೈಗೆ ಬಿಳಿ ಉಣ್ಣೆ ಹಾಕಲಿಲ್ಲ. ‘ಮೂರೂ ಒಂದೇ ಬಣ್ಣ ಇರಬೇಕು, ಆ ಗುಡ್ಡದ ಹಿಂದೆ ಇನ್ನೊಂದು ಬಿಳಿ ಕುರಿ ಇತ್ತು ನೋಡಿ’ ಅಂದರು. ಆ ಕುರಿ ಸಿಕ್ಕಾಗ ಆದ ಖುಷಿ ನನಗೆ ಈಗಲೂ ನೆನಪಿದೆ. ಇವತ್ತಿಗೂ ಅದೇ ಸರ್ವರ್‌ನಲ್ಲಿದ್ದೇನೆ.

ನಾನು ಆಡುವುದು ಮೊಬೈಲ್‌ನಲ್ಲಿ. ಚಾಟ್ ತೆರೆದರೆ ಪರದೆ ಮುಚ್ಚಿಹೋಗುತ್ತದೆ, ಸುತ್ತ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಓಡುತ್ತಾ ಇರುವಾಗ ಪ್ರಶ್ನೆ ಕೇಳಿದರೆ ಉತ್ತರ ಬರೆಯಲು ಆಗುವುದಿಲ್ಲ. ಉತ್ತರ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬಾಗಿಲು ಹಾಕಿದ ಕೋಣೆಯೊಳಗೆ ನಿಲ್ಲಿಸಿ ಮಾತಾಡಿಸಿ.

ಹುಬ್ಬಳ್ಳಿ ಕಡೆಯವರು:

ಬೋರ್ಡ್ ಬಗ್ಗೆ ಸಣ್ಣದೊಂದು ವಿಷಯ. ಒಂದು ಬೋರ್ಡ್‌ನಲ್ಲಿ ನಾಲ್ಕೇ ಸಾಲು ಹಿಡಿಯುತ್ತದೆ. ನಾವು ಆಸೆಯಿಂದ ಎಲ್ಲವನ್ನೂ ಕನ್ನಡದಲ್ಲಿ ಬರೆದೆವು, ಆದರೆ ಜಾವಾದಲ್ಲಿ ಒತ್ತಕ್ಷರ ಸೇರದೆ ಬಿಡಿಬಿಡಿಯಾಗಿ ಕಂಡಿತು. ಓದಲು ಕಷ್ಟ. ಈಗ ಬೋರ್ಡ್‌ನಲ್ಲಿ ಬಾಣದ ಗುರುತು ಮತ್ತು ಒಂದೇ ಪದ. ‘ಹೊಲ’, ‘ಮನೆ’, ‘ಗಣಿ’ ತರಹದ ಒತ್ತಕ್ಷರ ಇಲ್ಲದ ಪದಗಳನ್ನೇ ಹುಡುಕಿ ಇಟ್ಟೆವು. ಮಿಕ್ಕಿದ್ದೆಲ್ಲ ಬಾಯಿಮಾತಿನಲ್ಲಿ.

ಮಕ್ಕಳೇ ಜಾಸ್ತಿ ಇರುವ ಸರ್ವರ್‌ನವರು:

ಮೇಲೆ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಹೊಸಬರಿಗೆ ಕಲಿಸುವ ಮೊದಲು ಹಳಬರಿಗೆ ಕಲಿಸಬೇಕು. ಇದು ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಹನ್ನೆರಡು ವರ್ಷದ ಹುಡುಗ ಒಬ್ಬ ಬಂದಿದ್ದ. ಎರಡನೇ ದಿನ ಒಬ್ಬರ ಚೆಸ್ಟ್ ತೆರೆದು ಕಬ್ಬಿಣ ತೆಗೆದುಕೊಂಡ. ಒಬ್ಬನೇ ಆಡುವಾಗ ಹಳ್ಳಿಯ ಚೆಸ್ಟ್‌ನಿಂದ ಯಾರೂ ತೆಗೆದುಕೊಳ್ಳಬಹುದು. ಇದೂ ಹಾಗೇ ಅಂದುಕೊಂಡಿದ್ದ. ಹಳಬರೊಬ್ಬರು ಎಲ್ಲರ ಎದುರು, ಚಾಟ್‌ನಲ್ಲಿ ‘ಕಳ್ಳ’ ಅಂದುಬಿಟ್ಟರು. ಹುಡುಗ ಆವತ್ತೇ ಹೋದ. ಅವನ ಜೊತೆ ಬಂದಿದ್ದ ಇಬ್ಬರು ಗೆಳೆಯರೂ ಹೋದರು. ನಾನು ಅವರ ಮನೆಗೆ ಫೋನ್ ಮಾಡಿ ಅವನ ಅಪ್ಪನ ಹತ್ತಿರ ಮಾತಾಡಿದೆ. ಕ್ಷಮೆ ಕೇಳಿದೆ. ಹುಡುಗ ವಾಪಸ್ ಬರಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿದೆ.

ಕೋರ್‌ಪ್ರೊಟೆಕ್ಟ್ ಅನ್ನುವ ಪ್ಲಗಿನ್ ಹಾಕಿದ್ದರೆ ಯಾರು ಯಾವ ಬ್ಲಾಕ್ ಒಡೆದರು, ಯಾವ ಚೆಸ್ಟ್‌ನಿಂದ ಏನು ತೆಗೆದರು ಅಂತ ನೋಡಬಹುದು, ಮೊದಲಿನ ಹಾಗೆ ಮಾಡಲೂಬಹುದು. ಎಲ್ಲ ಸರಿಮಾಡಲು ಎರಡು ನಿಮಿಷ ಸಾಕು. ಹಾಗಿದ್ದಮೇಲೆ ಕೂಗಾಡುವುದು ಯಾಕೆ? ಈಗ ನಾವು ಮೊದಲು ಸರಿಮಾಡುತ್ತೇವೆ, ಆಮೇಲೆ ಆ ಜಾಗಕ್ಕೆ ಹೋಗಿ ಅವರೊಬ್ಬರಿಗೇ ಮೆಸೇಜ್ ಮಾಡಿ ಹೇಳುತ್ತೇವೆ. ಊರು ತೋರಿಸುವವರಿಗೆ ನಾವಿಟ್ಟಿರುವುದು ಇದೊಂದೇ ಷರತ್ತು.

ಮಕ್ಕಳು ಬರುವುದಾದರೆ ವೈಟ್‌ಲಿಸ್ಟ್ (ಒಳಗೆ ಬರಬಹುದಾದವರ ಪಟ್ಟಿ) ಇಡಿ, ಮನೆಯವರ ಹತ್ತಿರ ಮಾತಾಡಿಯೇ ಸೇರಿಸಿಕೊಳ್ಳಿ. ಚಾಟ್‌ನಲ್ಲಿ ಯಾರೂ ಮಗುವಿನ ಶಾಲೆ, ಊರು, ಫೋನ್ ನಂಬರ್ ಕೇಳಬಾರದು. ದೊಡ್ಡವರು ಸುಮ್ನೆ ಮಾತಿಗೆ ಕೇಳಿದ್ದಾದರೂ ತಡೆಯಿರಿ.

ಇನ್ನೊಂದು. ರಾತ್ರಿಯನ್ನು ಬೇಗ ದಾಟಬೇಕಾದರೆ ಎಲ್ಲರೂ ಮಲಗಬೇಕು, ಸೆಟ್ಟಿಂಗ್ ಬದಲಾಯಿಸದಿದ್ದರೆ ಹಾಗೆಯೇ ಇರುತ್ತದೆ. ಹೊಸಬರು ಮಲಗಿರುತ್ತಾರೆ, ಹಳಬರು ಗಣಿಯಲ್ಲಿ ಇರುತ್ತಾರೆ, ಬೇಗ ಬೆಳಕಾಗುವುದೇ ಇಲ್ಲ. ಆಟದ 1.17 ಆವೃತ್ತಿಯಿಂದ ನೂರಕ್ಕೆ ಎಷ್ಟು ಜನ ಮಲಗಿದರೆ ಸಾಕು ಅಂತ ಇಡುವ ಗೇಮ್‌ರೂಲ್ (ಆಟದ ಸೆಟ್ಟಿಂಗ್) ಇದೆ. ನಾವು 30 ಇಟ್ಟಿದ್ದೇವೆ. ಆಟದೊಳಗಿನ ಬೆಂಕಿಯ ಲೋಕವಾದ ನೆದರ್‌ಗೆ ಮಾತ್ರ ಮೊದಲ ದಿನ ಕರೆದುಕೊಂಡು ಹೋಗಬೇಡಿ. ಅಲ್ಲಿ ಹಾಸಿಗೆಯಲ್ಲಿ ಮಲಗಲು ಹೋದರೆ ಅದು ಸಿಡಿಯುತ್ತದೆ. ಇವತ್ತಷ್ಟೇ ಹಾಸಿಗೆಯನ್ನು ನಂಬಲು ಕಲಿತವರಿಗೆ ಅದು ಬೇಡ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನೂ ಹೊಸಬನ ಹಾಗೆ ಒಳಗೆ ಹೋಗಿ ನೋಡಿದೆ. ಸ್ಪಾನ್‌ನಿಂದ ಮೊದಲ ಮರ ಸಿಗಲು ಏಳು ನಿಮಿಷ ನಡೆಯಬೇಕಾಯಿತು. ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ಮರುದಿನ ದುಬೈನವರ ಜೊತೆ ಸೇರಿ ಓಕ್ ಸಸಿ ನೆಟ್ಟೆವು. ಕಿಟ್ ತೆಗೆದುಹಾಕಿದೆ, ಬ್ರೆಡ್ ಮಾತ್ರ ಇಟ್ಟಿದ್ದೇನೆ.

ಭಾನುವಾರ ಮೈಸೂರಿನಿಂದ ಒಬ್ಬರು ಹೊಸಬರು ಬಂದರು. ಜೊತೆಗೆ ನಡೆದೆ. ಸೇತುವೆ ದಾಟುವಾಗ ಅವರು ನೀರಿಗೆ ಬಿದ್ದರು, ಇಬ್ಬರೂ ದಡಕ್ಕೆ ಈಜಿದೆವು. ಅಲ್ಲೇ ಮನೆ ಕಟ್ಟುತ್ತೇನೆ ಅಂದರು. ನಾನಾಗಿದ್ದರೆ ಆ ಜಾಗ ತೋರಿಸುತ್ತಲೇ ಇರಲಿಲ್ಲ. ಬುಧವಾರದವರೆಗೂ ದಿನಾ ಬಂದಿದ್ದಾರೆ.

ನಾಳೆ ರಾತ್ರಿ ಒಂಬತ್ತಕ್ಕೆ ಇನ್ನಿಬ್ಬರು ಬರುತ್ತಾರೆ. ಊರ ಹತ್ತಿರ ಒಂದೂ ಕುರಿ ಇಲ್ಲ. ಗುಡ್ಡದ ಆಚೆಯಿಂದ ಗೋಧಿ ತೋರಿಸಿಕೊಂಡು ನಾಲ್ಕು ಬಿಳಿ ಕುರಿ ಹೊಡೆದುಕೊಂಡು ಬಂದಿದ್ದೇನೆ. ರೊಪ್ಪಕ್ಕೆ ಇನ್ನೂ ಬೇಲಿ ಹಾಕಬೇಕು, ಅದಕ್ಕೇ ಈಗ ಹೊರಟೆ.