ಅಪ್‌ಡೇಟ್: ಮಾವನ ಚೀಟಿಯ 381654729, ಗುಟ್ಟು ಸಿಕ್ಕಿತು

ಹೋದ ವಾರ ಕೇಳಿದ್ದೆ. ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನಿಂದ ಆಲೂಗೆಡ್ಡೆ ತಂದ ಮಾವ, ಚೀಟಿಯ ಹಿಂದೆ 381654729 ಅಂತ ಬರೆದು "ಇದರಲ್ಲೇನಿದೆ, ಹೇಳು ನೋಡೋಣ" ಅಂದಿದ್ದರು. 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿವೆ ಅನ್ನೋದಷ್ಟೇ ನನಗೆ ಕಂಡಿತ್ತು. ಎಡದಿಂದ ಒಂದೊಂದೇ ಅಂಕಿ ಸೇರಿಸುತ್ತಾ ಭಾಗಿಸಿ ನೋಡಿ ಅಂದವರಿಗೆ ಥ್ಯಾಂಕ್ಸ್.

ಮಾಡಿದೆ. 38 ಎರಡರಿಂದ, 381 ಮೂರರಿಂದ, 3816 ನಾಲ್ಕರಿಂದ... ಕೊನೆಯವರೆಗೂ ಶೇಷ ಸೊನ್ನೆ! ಒಂಬತ್ತರದ್ದೇನೂ ದೊಡ್ಡ ವಿಷಯವಲ್ಲ. ಅಂಕಿಗಳ ಮೊತ್ತ 45, ಹೇಗೆ ಜೋಡಿಸಿದರೂ ಭಾಗವಾಗುತ್ತದೆ. ಐದನೇ ಜಾಗದಲ್ಲಿ 5 ಇರಲೇಬೇಕು, ಸೊನ್ನೆ ಇಲ್ಲವಲ್ಲ. ಕಾಟ ಕೊಡೋದು ಏಳು. ಇನ್ನೊಂದು ಸಂಖ್ಯೆ ಹುಡುಕೋಣ ಅಂತ ರಾತ್ರಿ ಕೂತೆ. 189654327 ಸಿಕ್ಕಿತು, ಕುಣಿದಾಡಿದೆ. ಆಮೇಲೆ ನೋಡಿದರೆ 1896543ನ್ನು ಏಳರಿಂದ ಭಾಗಿಸಿದಾಗ 5 ಉಳಿಯುತ್ತದೆ. ಉಳಿದ ಎಲ್ಲವೂ ಸರಿ, ಅದೊಂದೇ ಕೈಕೊಟ್ಟಿತು! ಒಂಬತ್ತೂ ಅಂಕಿ ಒಂದೊಂದೇ ಸಲ ಬರುವ ಇಂಥ ಸಂಖ್ಯೆ ಇರೋದೇ ಒಂದು, ಮಾವ ಬರೆದದ್ದು. ಅಂಕಿ ಮತ್ತೆ ಬರಬಹುದು, ಸೊನ್ನೆಯೂ ಇರಬಹುದು ಅಂದರೆ ಈ ಆಟ 25 ಅಂಕಿಗಳವರೆಗೂ ಸಾಗುತ್ತದೆ. ಅಲ್ಲಿಗೂ ತಲುಪೋದು ಒಂದೇ ಸಂಖ್ಯೆ.

ಮಾವನಿಗೆ ಹೇಳಿದೆ. ಸುಮ್ನೆ ನಕ್ಕು, ಚೀಟಿ ತೆಗೆದುಕೊಂಡು ಕೊನೆಗೊಂದು ಸೊನ್ನೆ ಹಾಕಿದರು. ಹತ್ತಕ್ಕೂ ಸರಿಹೋಯಿತು, ಅಲ್ವಾ?